ಜಿಂಕೆಗಳಿಗಾಗಿ ಬಿತ್ತಿದ ರೈ

ಉತ್ತರ ವಿಸ್ಕಾನ್ಸಿನ್‌ನಲ್ಲಿ ಆ ವರ್ಷ ಹಿಮ ಸೊಂಟದೆತ್ತರ ಬಿದ್ದಿತ್ತು. ಕಾಡಿನಂಚಿನ ಮನೆಯ ಆರ್ವಿಡ್ ಟೋಲೆಫ್ಸನ್‌ಗೆ ಎಲುಬು ಕಾಣುವ ಜಿಂಕೆಗಳನ್ನು ನೋಡಿ ಮರುಕವಾಯಿತು. ಹಿತ್ತಲಲ್ಲಿ ಮೆಕ್ಕೆಜೋಳ ರಾಶಿ ಸುರಿದ. ಮಾರನೆಯ ದಿನವೋ ಅದರಾಚೆಗೋ, ಹೆಣ್ಣು ಜಿಂಕೆಯೊಂದು ಆ ರಾಶಿಯ ಪಕ್ಕದಲ್ಲೇ ಸತ್ತು ಬಿದ್ದಿತ್ತು.

ವನ್ಯಜೀವಿ ಇಲಾಖೆಯಲ್ಲಿ ಕೆಲಸ ಮಾಡುವ ನೆರೆಮನೆಯ ಜನೀನ್ ಬಂದು ನೋಡಿದಳು.

"ಹಸಿವಿಗೆ ಸತ್ತಿದ್ದಲ್ಲ ಆರ್ವಿಡ್. ಹೊಟ್ಟೆ ತುಂಬಿದೆ."

"ಮತ್ತೆ ಯಾಕೆ ಸತ್ತಿತು?"

"ಚಳಿಗಾಲದಲ್ಲಿ ಇವು ರೆಂಬೆ, ಮೊಗ್ಗು ಕಡ್ಕೊಂಡಿರ್ತವೆ. ಹೊಟ್ಟೆ ಅದಕ್ಕೇ ಒಗ್ಗಿರುತ್ತೆ. ಒಮ್ಮೆಗೇ ಜೋಳ ತಿಂದ್ರೆ ಒಳಗೆಲ್ಲ ಹುಳಿಯಾಗಿ ಜೀವ ಹೋಗುತ್ತೆ."

ಆರ್ವಿಡ್ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದ. "ಹಾಗಾದ್ರೆ ನಾನೇ ಕೊಂದೆ."

"ನೀನು ಕರುಣೆಯಿಂದಲೇ ಹಾಕ್ದೆ, ಗೊತ್ತಿರ್ಲಿಲ್ಲ ಅಷ್ಟೆ. ಸಲಿಕೆ ತಾ, ಉಳಿದಿದ್ದನ್ನ ಎತ್ತೋಣ."

ಆಗಸ್ಟ್‌ನಲ್ಲಿ, ಅಲ್ಲಿನ ಬೇಸಿಗೆ ಮುಗಿಯುವ ಹೊತ್ತಿಗೆ, ಜನೀನ್ ಮತ್ತೆ ಬಂದಳು. "ಪಾಳು ಬಿದ್ದ ನಿನ್ನ ಹೊಲದಲ್ಲಿ ರೈ ಬಿತ್ತು. ಗೋಧಿ ಜಾತಿಯ, ಚಳಿಗೆ ಜಗ್ಗದ ಹುಲ್ಲು ಅದು."

"ಹಿಮದಲ್ಲಿ ಹುಲ್ಲಂತೆ. ಯಾರ ಕಿವಿಗೆ ಹೂ ಇಡ್ತೀಯ? ಇನ್ನು ಜಿಂಕೆಗಳ ತಂಟೆಗೇ ಹೋಗಲ್ಲ ನಾನು."

ಹೆಂಡತಿ ವರ್ನಾ ನಕ್ಕಳು. "ಹೌದಾ? ದಿನಾ ಕಾಫಿ ತಣ್ಣಗಾಗೋವರೆಗೂ ಕಾಡಿನ ಕಡೆ ನೋಡ್ತಾ ನಿಲ್ಲೋದು ಮತ್ಯಾರು?"

ಜನೀನ್ ಬಿಡಿಸಿ ಹೇಳಿದಳು. "ಹಿಮ ಬೀಳೋ ಮುಂಚೆ ಜಿಂಕೆಗಳು ಇದನ್ನ ಮೇಯ್ದು ಮೈ ತುಂಬ್ಕೋತವೆ. ಹಿಮ ಕರಗಿದ ಕೂಡ್ಲೇ ಎಲ್ಲಕ್ಕಿಂತ ಮೊದ್ಲು ರೈ ಹಸಿರಾಗುತ್ತೆ. ಜೊತೆಗೆ ಒಂದಿಷ್ಟು ಕ್ಲೋವರ್ ಅನ್ನೋ ಮೂರೆಲೆ ಮೇವಿನ ಬೀಜ ಎರಚು. ಮೊದ್ಲು ಮಣ್ಣು ಪರೀಕ್ಷೆ ಮಾಡಿಸು."

ಆರ್ವಿಡ್ ಕೊನೆಗೂ ಒಪ್ಪಿ ಪರೀಕ್ಷೆ ಮಾಡಿಸಿದಾಗ ಮಣ್ಣು ಹುಳಿಯಾಗಿದೆ ಎಂದು ಗೊತ್ತಾಯಿತು. ಹುಳಿ ತಗ್ಗಿಸಲು ಸುಣ್ಣದ ಪುಡಿ ಹಾಕಿ, ನೆಲವನ್ನು ಮೇಲ್ಮೇಲೆ ಕೆದಕಿ, ಗಂಡಹೆಂಡತಿ ಇಬ್ಬರೂ ಬೀಜ ಎರಚಿದರು. ಆಳಕ್ಕೆ ಹೂಳಬೇಡಿ ಎಂದಿದ್ದಳು ಜನೀನ್. ಬೀಜ ಮಣ್ಣಿಗೆ ಅಂಟಲೆಂದು ವರ್ನಾ ಅದರ ಮೇಲೆ ಭಾರದ ಉರುಳೆ ಎಳೆದಳು. ಮಳೆ ಬಿದ್ದ ವಾರದೊಳಗೇ ಹೊಲ ಹಸಿರಾಯಿತು. ಆರ್ವಿಡ್ ದಿನಾ ಸಂಜೆ ತಪ್ಪದೆ ಬೇಲಿಯವರೆಗೆ ಹೋಗಿ ಬರುತ್ತಿದ್ದ.

ಆ ಚಳಿಗಾಲ ಅವನು ಜೋಳ ಸುರಿಯಲಿಲ್ಲ. ಏಪ್ರಿಲ್‌ನಲ್ಲಿ ಕಾಡೆಲ್ಲ ಇನ್ನೂ ಬೂದುಬಣ್ಣದಲ್ಲಿದ್ದಾಗ ಆ ಹೊಲವೊಂದೇ ಹಸಿರಾಗಿತ್ತು. ಜಿಂಕೆಗಳು ತಲೆ ತಗ್ಗಿಸಿ ಮೇಯುತ್ತಿದ್ದವು. ಆರ್ವಿಡ್ ತುಂಬ ಹೊತ್ತು ನಿಂತು ನೋಡಿದ. ಆಮೇಲೆ ಜನೀನ್ ಮನೆಯ ಬಾಗಿಲು ತಟ್ಟಿದ. "ಹೊಳೆ ಪಕ್ಕದ ತುಂಡು ನೆಲ ಖಾಲಿ ಇದೆ. ಅದಕ್ಕೂ ಬೀಜ ಬೇಕು."

ಕಾಡಿನಂಚಿನಲ್ಲಿ ನಿಮಗೂ ತುಂಡು ನೆಲವಿದೆಯೇ? ಕೊರೆಯುವ ಚಳಿಯಲ್ಲಿ ಜೋಳ ಸುರಿಯಬೇಡಿ. ಮಣ್ಣು ಪರೀಕ್ಷಿಸಿ, ಬೇಸಿಗೆಯ ಕೊನೆಗೇ ರೈ ಬಿತ್ತಿ. ಹಸಿದ ಜೀವಕ್ಕೆ ಅದರ ಹೊಟ್ಟೆ ಒಪ್ಪುವ ಊಟ ಕೊಡಿ.