ಸಮೇರಿಯಂ ಅಲ್ಲ

ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಪುಡಿ ಆಯಸ್ಕಾಂತಕ್ಕೆ ಎದ್ದು ನಿಂತಿತು.

ಬಟರ್ ಪೇಪರಿನ ಮೇಲೆ ಚಿಟಿಕೆ ಕಂದು ಪುಡಿ ಸುರಿದು, ಕೆಳಗಿನಿಂದ ಆಯಸ್ಕಾಂತ ಸರಿಸಿದ್ದವಳು ದಾಕ್ಷಾಯಣಿ. ಕಂದು ಪುಡಿ ಇದ್ದಲ್ಲೇ ಇತ್ತು. ಅದರೊಳಗಿನ ಕರಿ ಕಣಗಳು ಮಾತ್ರ ಮುಳ್ಳಿನಂತೆ ನೆಟ್ಟಗಾಗಿ ಆಯಸ್ಕಾಂತ ಹೋದತ್ತ ಹೋದವು. ಅವಳು ಆ ಪುಡಿಗಾಗಿ ಮುರಿದಿದ್ದ ಸಿರಾಮಿಕ್ ಬಿಲ್ಲೆಯ ಉಳಿದರ್ಧವನ್ನು ಎತ್ತಿ ಆಯಸ್ಕಾಂತದ ಹತ್ತಿರ ಹಿಡಿದಳು. ಅದು ಅಲುಗಲಿಲ್ಲ.

"ಅಕ್ಕಾ, ಗಣಿ ಧೂಳಿನ ಈ ಊರಾಗ ಚಾ ಪುಡಿಗೆ ಹಿಡಿದ್ರೂ ಕಬ್ಬಿಣ ಬರತೈತಿ, ಬಿಡು" ಎಂದಳು ಪಕ್ಕದ ಮೇಜಿನ ಕಾವೇರಿ. ದಾಕ್ಷಾಯಣಿಗಿಂತ ಎರಡು ವರ್ಷ ಕಿರಿಯ ಸಂಶೋಧಕಿ, ಸಿರುಗುಪ್ಪದವಳು.

ದಾಕ್ಷಾಯಣಿ ನಗಲಿಲ್ಲ. ಅವಳ ಪಿಎಚ್.ಡಿ. ನಿಂತಿದ್ದದ್ದು ಬಿಸ್ಮತ್ ಫೆರೈಟ್ ಎಂಬ ಸಿರಾಮಿಕ್ ಮೇಲೆ. ವಿದ್ಯುತ್ತಿಗೂ ಕಾಂತಕ್ಕೂ ಒಟ್ಟಿಗೆ ಸ್ಪಂದಿಸಬಲ್ಲ ವಸ್ತು ಅದು, ಆದರೆ ಅದರ ಕಾಂತಗುಣ ತೀರ ದುರ್ಬಲ. ಬಿಸ್ಮತ್ ಇರುವ ಕಡೆ ಸಮೇರಿಯಂ ಎಂಬ ಅಪರೂಪದ ಲೋಹವನ್ನು ಸ್ವಲ್ಪ ಕೂರಿಸಿದರೆ ಹರಳಿನ ಜೋಡಣೆ ಬದಲಾಗುತ್ತದೆ, ಕಾಂತಗುಣವೂ ಏರುತ್ತದೆ ಎಂಬುದು ಅವಳ ವಾದ. ಜೋಡಣೆ ಬದಲಾದದ್ದು ನಿಜ. ಎಕ್ಸ್-ರೇ ಚಿತ್ರದಲ್ಲಿ ಅವಳಿಯಾಗಿದ್ದ ಶಿಖರಗಳು ಸಮೇರಿಯಂ ಹೆಚ್ಚಿದಂತೆ ಹತ್ತಿರ ಬಂದು ಒಂದಾಗಿದ್ದವು. ಕಾಂತಗುಣ ಏರಿದ್ದು ಎಲ್ಲರನ್ನೂ ಖುಷಿಪಡಿಸಿತ್ತು. ಅದರ ಮೇಲೆ ಬರೆದ ಲೇಖನವನ್ನು ಒಂದು ಪತ್ರಿಕೆ ಒಪ್ಪಿಕೊಂಡಿತ್ತು. ಆದರೆ ನಿನ್ನೆ ಬಂದ ಫಲಿತಾಂಶದಲ್ಲಿ, ಸಮೇರಿಯಂ ಹಾಕದ ಮಾದರಿಯ ಕಾಂತಗುಣವೂ ಅಷ್ಟೇ ಏರಿತ್ತು.

ಅಳತೆಗೆ ಹೋಗುವುದು ಪುಡಿ. ಸುಟ್ಟ ಬಿಲ್ಲೆಯನ್ನು ಅಗೇಟ್ ಕಲ್ಲಿನ ಒರಳಿನಲ್ಲಿ ಅರೆಯುತ್ತಾರೆ. ಆ ಒರಳು ರಾತ್ರಿ ಇರುತ್ತಿದ್ದದ್ದು ಮಾರ್ಗದರ್ಶಕ ಪ್ರೊಫೆಸರ್ ದೊಡ್ಡಬಸವರಾಜರ ಕಪಾಟಿನಲ್ಲಿ. ಊರ ಹೊರಗಿನ ಕಾರ್ಖಾನೆಯೊಂದರ ಸ್ಪಾಂಜ್ ಐರನ್ ಎಂಬ ರಂಧ್ರಮಯ ಕಬ್ಬಿಣದ ಪೊಟ್ಟಣಗಳು ಅವರ ಬಳಿ ಪರೀಕ್ಷೆಗೆ ಬರುತ್ತಿದ್ದವು. ಅದಕ್ಕೆಂದೇ ಇದ್ದ ಒರಳು ಕಳೆದ ವರ್ಷ ಒಡೆದಿತ್ತು, ಬೇರೆ ಬಂದಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಅವಳ ಕೊನೆಯ ಸೆಮಿನಾರ್ ಇತ್ತು, ಪ್ರಬಂಧ ಸಲ್ಲಿಸುವ ಮುಂಚಿನದು. ಅವಳು ಬಟರ್ ಪೇಪರನ್ನು ಹಾಗೇ ಎತ್ತಿಕೊಂಡು ಪ್ರೊಫೆಸರರ ಕೋಣೆಗೆ ಹೋದಳು.

"ಬಾರವ್ವಾ. ಸ್ಲೈಡ್ ತಂದಿಯೇನು?"

ಅವಳು ಮೇಜಿನ ಮೇಲೆ ಕಾಗದ ಇಟ್ಟು ಆಯಸ್ಕಾಂತ ಸರಿಸಿದಳು. ಅವರು ಕನ್ನಡಕ ತೆಗೆದು ನೋಡಿದರು.

"ಏನಿದು?"

"ನಿಮ್ಮ ಕಾರ್ಖಾನಿ ಕಬ್ಬಿಣ, ಸರ. ನನ್ನ ನಾಕನೇ ಅಧ್ಯಾಯ."

ಅವರು ಎದ್ದು ಬಾಗಿಲು ಮುಂದೆ ಮಾಡಿದರು. "ಒರಳು ಚೆಂದಗೆ ತೊಳಕೋಬೇಕಿತ್ತು ನೀನು."

"ತೊಳದೀನ್ರಿ. ಅದರಾಗ ಕಬ್ಬಿಣ ಅರದೀರಿ ಅಂತ ಒಂದು ಮಾತು ಹೇಳಿದ್ರ ಆಸಿಡ್ ಹಾಕಿ ತೊಳೀತಿದ್ದೆ. ಯಾಕ ಹೇಳಲಿಲ್ಲ?"

"ದನಿ ಕಡಿಮಿ ಮಾಡು. ಹೊರಗಿನ ಪ್ರೊಫೆಸರ್ ಬೆಳಿಗ್ಗಿ ಟ್ರೈನಿಗೆ ಬಂದಾರ. ಸಮೇರಿಯಂನಿಂದ ಕಾಂತಗುಣ ಬಂತು ಅಂತ ಬರದೀಯಲ್ಲ, ಅದನ್ನ ಓದು. ಯಾರು ಮ್ಯಾಗ್ನೆಟ್ ಹಿಡಕೊಂಡು ಬರ್ತಾರ?"

"ನಾ ಬಂದೀನಲ್ರಿ."

"ಭಾಳ ಶಾಣ್ಯಾಕಿ ಆಗಬ್ಯಾಡ. ಕುರುಗೋಡಿನಾಗ ನಿಮ್ಮಪ್ಪ ಮಗಳು ಡಾಕ್ಟರ್ ಆದ್ಲು ಅಂತ ಊರೆಲ್ಲಾ ಹೇಳ್ಯಾನ. ಅವಂಗೇನು ಹೇಳ್ತಿ?"

"ನಮ್ಮಪ್ಪನ್ನ ಇದರಾಗ ತರಬ್ಯಾಡ್ರಿ!" ಮುಂದೆ ಮಾಡಿದ ಬಾಗಿಲಿನಾಚೆಗೂ ಅದು ಕೇಳಿಸಿತು. "ಅಂಗೈ ಬೊಬ್ಬಿ ಬರೂ ಹಂಗ ಅರದಾಕಿ ನಾನು. ನಿಮಗ ಇನ್ನೊಂದು ಒರಳು ತರಿಸಾಕ ಆಗಲಿಲ್ಲ. ಈಗ ಸುಳ್ಳು ಓದಾಕ ನಾನಾ ಬೇಕೇನು?"

ಕಾರಿಡಾರಿನಲ್ಲಿ ಕಾವೇರಿ ಅವಳ ತೋಳು ಹಿಡಿದು ಮೂಲೆಗೆ ಎಳೆದಳು.

"ಅಕ್ಕಾ, ಸಿಟ್ಟಿನಾಗ ಅದೀ. ಮೊದಲು ಊಟ ಮಾಡು."

"ನಂಗ ಹಸಿವಿಲ್ಲ."

"ನನ್ನ ಪುಡೀನೂ ಅದೇ ಒರಳಾಗ ಅರದೀನಿ. ಪಿಎಚ್.ಡಿ. ಮುಗೀಲಿ ಅಂತ ಲಗ್ನ ಮುಂದ ಹಾಕಿಸಿ ಕುಂತಾಕಿ ನಾನು. ನೀ ಬಾಯಿ ಬಿಟ್ರ ನನ್ನದೂ ಹೋತು."

"ನಿನ್ನ ಹೆಸರು ತಗಿಯಂಗಿಲ್ಲ."

"ಒರಳಿನ ಹೆಸರು ತಗದ್ರ ನನ್ನ ಹೆಸರು ತಗದಂಗನಾ. ಅಷ್ಟೂ ತಿಳಿಯಂಗಿಲ್ಲೇನು ನಿಂಗ?" ಕಾವೇರಿ ತೋಳು ಬಿಟ್ಟು ಹೊರಟುಹೋದಳು.

ಮೂರು ಗಂಟೆಗೆ ಹಾಲ್ ತುಂಬಿತ್ತು. ಮೊದಲ ಮೂರು ಅಧ್ಯಾಯಗಳನ್ನು ದಾಕ್ಷಾಯಣಿ ತಡೆಯಿಲ್ಲದೆ ಹೇಳಿದಳು. ಶಿಖರಗಳು ಒಂದಾದ ಚಿತ್ರ ಬಂದಾಗ ಹೊರಗಿನಿಂದ ಬಂದ ಹಿರಿಯ ತಜ್ಞರು ತಲೆದೂಗಿ ಏನೋ ಬರೆದುಕೊಂಡರು. ಮುಂದಿನ ಸ್ಲೈಡಿನಲ್ಲಿ ಕಾಂತಗುಣದ ರೇಖೆಗಳಿದ್ದವು. ಅವಳು ಪರದೆಯ ಕಡೆ ತಿರುಗಲಿಲ್ಲ.

"ಈ ಅಧ್ಯಾಯವನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಇಲ್ಲಿ ಕಾಣುವುದು ಸಮೇರಿಯಂನ ಪರಿಣಾಮ ಅಲ್ಲ. ಅರೆಯುವಾಗ ಒರಳಿನಿಂದ ಸೇರಿದ ಸ್ಪಾಂಜ್ ಐರನ್. ಬಿಲ್ಲೆಯಲ್ಲಿ ಅದು ಇಲ್ಲ, ಪುಡಿಯಲ್ಲಿ ಇದೆ."

ದೊಡ್ಡಬಸವರಾಜರು ಮುಂದಿನ ಸಾಲಿನಿಂದ ಎದ್ದರು. "ಸರ್, ಆಕೆಗೆ ಬೆಳಿಗ್ಗೆಯಿಂದ ಆರಾಮ ಇಲ್ಲ. ಬೇರೆ ದಿನ ಇಟ್ಟುಕೊಳ್ಳೋಣ."

"ನಂಗೇನೂ ಆಗಿಲ್ರಿ" ಎಂದಳು ದಾಕ್ಷಾಯಣಿ.

ತಜ್ಞರು ಪೆನ್ನು ಮುಚ್ಚಿದರು. "ಇದನ್ನು ನಿಮ್ಮ ಗೈಡ್‌ಗೆ ಯಾವಾಗ ತಿಳಿಸಿದಿರಿ?"

"ಇವತ್ತು ಬೆಳಿಗ್ಗೆ, ಸರ್. ಸಮೇರಿಯಂ ಅಂತಲೇ ಓದು ಅಂದ್ರು."

ಹಿಂದಿನ ಸಾಲಿನಲ್ಲಿ ಕುರ್ಚಿಯೊಂದು ಕಿರುಗುಟ್ಟಿತು. ಕಾವೇರಿ ಎದ್ದು ಹೊರಗೆ ಹೋಗಿದ್ದಳು.

ಸೆಮಿನಾರಿನ ಸಮಿತಿ ಪ್ರಬಂಧವನ್ನು ಒಪ್ಪಲಿಲ್ಲ. ಕಾಂತಗುಣದ ಅಳತೆಗಳನ್ನೆಲ್ಲ ಹೊಸದಾಗಿ ಮಾಡಬೇಕು, ಅದಕ್ಕೆ ಒಂದು ವರ್ಷ ಎಂದು ಬರೆಯಿತು. ಒರಳಿನ ಬಗ್ಗೆ, ಕಾರ್ಖಾನೆಯ ಬಗ್ಗೆ ಒಂದಕ್ಷರವೂ ಅದರಲ್ಲಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಪ್ರಯೋಗಾಲಯದ ಬೀಗ ಬದಲಾಗಿತ್ತು. ದಾಕ್ಷಾಯಣಿ ಹೊರಗಿನ ಬೆಂಚಿನ ಮೇಲೆ ಕೂತಳು. ಹತ್ತರ ಸುಮಾರಿಗೆ ಕಾವೇರಿ ಬಂದಳು. ಹೊಸ ಬೀಗದ ಕೈಯನ್ನು ಪ್ರೊಫೆಸರ್ ಅವಳೊಬ್ಬಳಿಗೇ ಕೊಟ್ಟಿದ್ದರು. ಅವಳು ಬೀಗ ತೆಗೆದು, ದಾಕ್ಷಾಯಣಿ ಎದ್ದು ಒಳಗೆ ಬರುವ ತನಕ ಬಾಗಿಲು ಹಿಡಿದು ನಿಂತಳು.