ಮೊದಲ ಏಟು

ಎಮ್ಮಿಗನೂರಿನ ತೋಟಪ್ಪನವರ ಅಕ್ಕಿ ಗಿರಣಿಯ ಮುಂದೆ ಸುಂಕಪ್ಪ ಒಂದು ಹಿಡಿ ಭತ್ತದ ಹುಲ್ಲಿಗೆ ಬೆಂಕಿ ಹಚ್ಚಿ ಹಲಗೆ ಕಾಯಿಸುತ್ತಿದ್ದ. ಕಾವು ತಾಗಿದಷ್ಟೂ ಚರ್ಮ ಬಿಗಿಯುತ್ತದೆ, ನಾದ ಏರುತ್ತದೆ. ಬೆಳಗಿನ ಹತ್ತು ಗಂಟೆಗೇ ಬಿಸಿಲು ನೆತ್ತಿ ಸುಡುತ್ತಿತ್ತು. ಮೇಳದ ಆರೂ ಜನ ಕಂಪ್ಲಿಯ ಒಂದೇ ಕೇರಿಯವರು. ಅವತ್ತು ತೋಟಪ್ಪನವರ ಮಗನ ಮದುವೆ ಮೆರವಣಿಗೆ.

ಮಾತಾಡಿದ್ದು ಒಂಬತ್ತು ಸಾವಿರಕ್ಕೆ. ಗಾಡಿ ಬಾಡಿಗೆ ಕಳೆದರೆ ತಲೆಗೆ ಸಾವಿರದ ಚಿಲ್ಲರೆ. ಅದರಲ್ಲಿ ಯಾರ ಮನೆಯೂ ನಡೆಯುತ್ತಿರಲಿಲ್ಲ. ನಿಜವಾದ ಗಳಿಕೆ ಇದ್ದದ್ದು ‘ಖುಷಿ’ಯಲ್ಲಿ. ಕುಣಿಯುವವರು ಖುಷಿಯಾಗಿ ನೋಟನ್ನು ನೆಲದ ಮೇಲಿಡುತ್ತಾರೆ. ಸುಂಕಪ್ಪ ಮಂಡಿಯೂರಿ, ಹಲಗೆ ಬಡಿಯುತ್ತಲೇ ಹಿಂದಕ್ಕೆ ಬಾಗಿ, ತಲೆ ನೆಲಕ್ಕೆ ತಾಗಿಸಿ, ಆ ನೋಟನ್ನು ಕಣ್ಣರೆಪ್ಪೆಯಲ್ಲಿ ಹಿಡಿದೆತ್ತುತ್ತಾನೆ. ಅಪ್ಪನಿಂದ ಕಲಿತ ವಿದ್ಯೆ. ಐವತ್ತೈದು ದಾಟಿದರೂ ಒಂದೇ ಒಂದು ಪೆಟ್ಟು ತಪ್ಪುತ್ತಿರಲಿಲ್ಲ. ನೋಡಿದವರೆಲ್ಲ ಸಿಳ್ಳೆ ಹೊಡೆಯುತ್ತಿದ್ದರು. ಸಿಳ್ಳೆ ಹೊಡೆದವರಲ್ಲಿ ಒಬ್ಬರೂ ಅವನನ್ನು ಕೂಡಿಸಿ ಒಂದು ಲೋಟ ಚಹಾ ಕೊಟ್ಟದ್ದಿಲ್ಲ, ಆ ಮಾತು ಬೇರೆ.

“ಯಪ್ಪಾ, ಇವತ್ತು ಬಗ್ಗಬ್ಯಾಡ,” ಎಂದ ಮಗ ಹುಲುಗೇಶ್. ತೋರಣಗಲ್ಲಿನ ಫ್ಯಾಕ್ಟರಿಯಲ್ಲಿ ಕಾಂಟ್ರಾಕ್ಟ್ ಕೆಲಸ ಅವನದು. ರಜೆಯ ದಿನ ಅಪ್ಪನ ಜೊತೆ ಬರುತ್ತಿದ್ದ. “ಖುಷಿ ಬ್ಯಾಡ, ಹದಿನೈದು ಸಾವಿರ ರೇಟು ಅಂತ ಹೇಳು. ನಿಂತು ಬಾರ್ಸೋಣು.”

“ಹದಿನೈದು ಅಂದ್ರ ಡಿ.ಜೆ. ತರ್ತಾರ. ಆಮ್ಯಾಲ ಹಲಿಗಿ ಗ್ವಾಡಿಗೆ ತೂಗ ಹಾಕಿ ಕುಂದ್ರಬೇಕು.”

“ಹಂಪಿ ಉತ್ಸವದಾಗ ಬಾರ್ಸಿದ್ವಲ್ಲ, ಅಲ್ಲಿ ಯಾರಾರ ಬಗ್ಗು ಅಂದ್ರಾ? ರೊಕ್ಕ ಬ್ಯಾಂಕಿಗೇ ಬಂತು.”

“ಬಂತು, ಏಳು ತಿಂಗಳಿಗೆ ಬಂತು. ಅಲ್ಲೀಮಟ ಪಾಸ್‌ಬುಕ್ ತಿನ್ನಬೇಕಿತ್ತೇನು? ಬಡವನ ಸಿಟ್ಟು ದವಡಿಗೆ ಮೂಲ ಮಗನಾ. ಸುಮ್ನ ಬಾರ್ಸು.”

ಇಬ್ಬರ ಮಾತಿನಲ್ಲೂ ಸುಳ್ಳಿರಲಿಲ್ಲ. ಅದೇ ಫಜೀತಿ.

ಮೆರವಣಿಗೆ ಗಿರಣಿ ದಾಟಿ ಊರ ಅಗಸಿ ಬಾಗಿಲಿಗೆ ಬರುವಷ್ಟರಲ್ಲಿ ಕುಣಿಯುವವರಿಗೆ ಅಮಲು ಏರಿತ್ತು. ಎಲ್ಲರಿಗಿಂತ ಮುಂದೆ ಇದ್ದವನು ಸಿದ್ದಲಿಂಗೇಶ್, ತೋಟಪ್ಪನವರ ತಮ್ಮನ ಮಗ. ಐನೂರರ ನೋಟೊಂದನ್ನು ಮಣ್ಣಿನಲ್ಲಿಟ್ಟು, ಅದರ ತುದಿಯನ್ನು ತನ್ನ ಬೂಟಿನಿಂದ ಒತ್ತಿ ಹಿಡಿದು ಕೂಗಿದ. “ಲೇ ಸುಂಕಾ, ಎತ್ತಲೇ! ರೀಲ್ಸ್ ಮಾಡಾಕತ್ತೀವಿ, ಮಸ್ತ್ ಬರಬೇಕು!”

ಸುಂಕಪ್ಪ ಒಂದು ಗಳಿಗೆ ಬೂಟನ್ನು ನೋಡಿದ. ಆಮೇಲೆ ಮಂಡಿಯೂರಿ ಹಿಂದಕ್ಕೆ ಬಾಗಿದ. ಅವನ ತಲೆ ನೆಲಕ್ಕೆ ತಾಗಿತು, ರೆಪ್ಪೆ ನೋಟಿನ ಹತ್ತಿರ ಹೋಯಿತು. ಸಿದ್ದಲಿಂಗೇಶ್ ಮತ್ತೊಂದು ಕಾಲೆತ್ತಿ ಅವನ ಎದೆಯ ಮೇಲಿದ್ದ ಹಲಗೆಯ ಮೇಲಿಟ್ಟು, ಮೊಬೈಲ್ ಹಿಡಿದವನ ಕಡೆ ನೋಡಿ ನಕ್ಕ. ಭಾರಕ್ಕೆ ಹಲಗೆಯ ಕಬ್ಬಿಣದ ಅಂಚು ಸುಂಕಪ್ಪನ ಪಕ್ಕೆಲುಬಿಗೆ ಒತ್ತಿತು. ಅಷ್ಟಾದರೂ ಕೈ ಬಡಿಯುತ್ತಲೇ ಇತ್ತು.

ಹುಲುಗೇಶ್ ಓಡಿಬಂದು ಆ ಕಾಲನ್ನು ಹಿಡಿದು ಎತ್ತಿ ಒಗೆದ. ಸಿದ್ದಲಿಂಗೇಶ್ ಅಂಗಾತ ಮಣ್ಣಿಗೆ ಬಿದ್ದ.

ಹಲಗೆಗಳೆಲ್ಲ ಒಮ್ಮೆಲೇ ನಿಂತವು. ಸುಂಕಪ್ಪ ಎದ್ದು ನೋಡಿದರೆ ಸುತ್ತ ಮೂವತ್ತು ಜನ. ಆಗ ಅವನಿಗೆ ಹೊಳೆದದ್ದು ಕೇರಿಯ ಹಳೆಯ ಉಪಾಯ: ನಮ್ಮವನನ್ನು ನಾವೇ ಮೊದಲು ಹೊಡೆದುಬಿಟ್ಟರೆ ದೊಡ್ಡವರ ಸಿಟ್ಟು ಇಳಿಯುತ್ತದೆ, ಜೀವ ಉಳಿಯುತ್ತದೆ. ಅವನಪ್ಪ ಅವನಿಗೂ ಹಾಗೇ ಮಾಡಿದ್ದ. ಸುಂಕಪ್ಪ ಹೆಗಲ ಹಲಗೆಯನ್ನು ಕಿತ್ತು ಮಗನ ಬಲಗಿವಿಯ ಮೇಲೆ ಬೀಸಿದ.

“ತಪ್ಪಾತು ಅನ್ನಲೇ! ಧಣ್ಯಾರ ಕಾಲಿಗೆ ಬೀಳು! ಬೀಳಲೇ!”

ಹುಲುಗೇಶ್ ಬೀಳಲಿಲ್ಲ. ಕಿವಿ ಹಿಡಿದುಕೊಂಡು ಅಪ್ಪನನ್ನೇ ನೋಡುತ್ತ ನಿಂತ. ಸುಂಕಪ್ಪ ಮತ್ತೊಮ್ಮೆ ಬೀಸಿದ, ಮಗ ಬಿದ್ದ.

ಉಪಾಯ ಅವತ್ತು ಕೈಕೊಟ್ಟಿತು. ಹೆತ್ತಪ್ಪನೇ ಹೊಡೆದ ಮೇಲೆ ನಮಗೇನು ಅಡ್ಡಿ ಎಂಬಂತೆ ಸಿದ್ದಲಿಂಗೇಶ್ ಎದ್ದು ಬಂದ. ಅವನ ಹಿಂದೆ ಇನ್ನೂ ಮೂವರು ಬಂದರು. ಬೂಟುಗಾಲು ಹೊಟ್ಟೆಗೆ ಬಿತ್ತು, ಬೆನ್ನಿಗೆ ಬಿತ್ತು. ಒಬ್ಬ ಸೊಂಟದ ಬೆಲ್ಟ್ ಬಿಚ್ಚಿ ಬಕಲ್ ಕಡೆಯಿಂದ ಬಾರಿಸಿದ. ಮತ್ತೊಬ್ಬ ಕೂದಲು ಹಿಡಿದೆತ್ತಿದ, ಸಿದ್ದಲಿಂಗೇಶ್ ಮುಖಕ್ಕೆ ಒದ್ದ. ದವಡೆ ಲಟಕ್ಕೆಂದದ್ದು ಮೂರು ಮಾರು ದೂರದಲ್ಲಿದ್ದವರಿಗೂ ಕೇಳಿಸಿತು. “ನಾನ ಹೊಡದೀನಲ್ರೀ! ಸಾಕು ಬಿಡ್ರಿ, ನಾನ ಹೊಡದೀನಿ!” ಎಂದು ಸುಂಕಪ್ಪ ಒಬ್ಬೊಬ್ಬರ ಕಾಲಿಗೂ ಜೋತುಬಿದ್ದ. ಯಾರೋ ಅವನನ್ನೂ ಪಕ್ಕಕ್ಕೆ ಒದ್ದರು. ಹುಲುಗೇಶನ ಕಿವಿಯಿಂದ ರಕ್ತ ಸುರಿದು ಅಂಗಿಯ ಕೊರಳು ತೊಯ್ದ ಮೇಲೆಯೇ ಅವರು ಬಿಟ್ಟದ್ದು. ಅಷ್ಟು ಹೊತ್ತೂ ಮೊಬೈಲ್ ಹಿಡಿದವನ ಕೈ ಒಮ್ಮೆಯೂ ಇಳಿಯಲಿಲ್ಲ.

ಮರುದಿನ ಹೊಸಪೇಟೆಯ ಆಸ್ಪತ್ರೆಯಲ್ಲಿ ದವಡೆಗೆ ತಂತಿ ಬಿಗಿದರು. ಬಲಗಿವಿಯ ತಮಟೆ ಹರಿದಿದೆ, ಕೇಳಿಸುವುದು ಕಷ್ಟ ಎಂದರು ಡಾಕ್ಟರು. ಮಾತಾಡಲಾಗದ ಹುಲುಗೇಶ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ತಾಯಿ ಎರ್ರೆಮ್ಮ ಮಂಚದ ಬಳಿ ನೆಲದ ಮೇಲೆ ಕೂತಿದ್ದಳು.

“ಕಿವಿ ಯಾರು ಹೊಡದಿದ್ದು?” ಎಂದು ಗಂಡನನ್ನು ಕೇಳಿದಳು. ಅವಳಿಗೆ ಗೊತ್ತಿತ್ತು.

“ಉಳಸಾಕ ಹೊಡದೆ. ನಮ್ಮಪ್ಪ ನನ್ನನ್ನ ಹಂಗ ಉಳಸಿದ್ದ.”

“ಉಳದು ಏನು ಮಾಡಿದಿ? ನಲವತ್ತು ವರ್ಷ ಬಗ್ಗಿದಿ.”



ಅಷ್ಟರಲ್ಲಿ ತೋಟಪ್ಪ ಬಂದರು. ಕೆಟ್ಟ ಮನುಷ್ಯರಲ್ಲ, ಮೇಳಕ್ಕೆ ಮಾತಾಡಿದ ಹಣ ಯಾವತ್ತೂ ನಿಲ್ಲಿಸಿದವರಲ್ಲ. ಹುಡುಗನ ಮುಖ ನೋಡಿ ಅವರ ಕಣ್ಣೂ ಒದ್ದೆಯಾಯಿತು. ಸುಂಕಪ್ಪನನ್ನು ವಾರ್ಡಿನ ಬಾಗಿಲಿಗೆ ಕರೆದರು.

“ನನಗ ತಲಿ ಎತ್ತಾಕ ಆಗವಲ್ದು ಸುಂಕಪ್ಪ. ದವಾಖಾನಿ ಖರ್ಚು ಎಲ್ಲಾ ನಂದು. ಆದ್ರ ನಮ್ಮ ಸಿದ್ದಲಿಂಗೇಶ್ ನೌಕರಿ ಪರೀಕ್ಷೆ ಪಾಸಾಗ್ಯಾನ, ಕೇಸು ಬಿದ್ರ ಹೋತು. ನಿನ್ನ ಮಗ ಟ್ರ್ಯಾಕ್ಟರ್ ಮ್ಯಾಲಿಂದ ಬಿದ್ದ ಅಂತ ಪೊಲೀಸರ ಮುಂದ ಬರ್ಸಿಬಿಡು. ನಮ್ಮ ಬೀಗರು ನೆಂಟರ ಮದುವಿ ಎಲ್ಲಾ ನಿನ್ನ ಮೇಳಕ್ಕ. ಹದಿನೈದು ಸಾವಿರ ಕೊಡ್ಸೋದು ನನ್ನ ಜವಾಬ್ದಾರಿ.”

ಮಗ ಕೇಳಿದ್ದ ಹದಿನೈದು ಸಾವಿರ!

ತೋಟಪ್ಪ ದನಿ ತಗ್ಗಿಸಿದರು. “ಇನ್ನೊಂದು ಮಾತು, ಸಿಟ್ಟಾಗಬ್ಯಾಡ. ವಿಡಿಯೋ ನೋಡಿದೆ. ಮೊದಲ ಏಟು ನಿಂದೈತಿ. ಕೇಸು ಅಂದ್ರ ನೀನೂ ಒಳಗ ಹೋಗ್ತಿ. ನಿನ್ನ ಮನಿ, ಮೇಳ ನೋಡೋರು ಯಾರು?”

ಆಸ್ಪತ್ರೆಯಿಂದ ಠಾಣೆಗೆ ಸುದ್ದಿ ಹೋಗಿತ್ತು. ಹೇಳಿಕೆ ಬರೆದುಕೊಳ್ಳಲು ಬಂದ ಹವಾಲ್ದಾರ ಸ್ಟೂಲ್ ಎಳೆದು ಮಂಚದ ಪಕ್ಕ ಕೂತ. ತೋಟಪ್ಪ ಬಾಗಿಲಲ್ಲೇ ನಿಂತರು.

“ಹೆಂಗಾತಪ ಇದು?”

ಸುಂಕಪ್ಪ ಕೈ ಕಟ್ಟಿ ನಿಂತಿದ್ದ. ಎರ್ರೆಮ್ಮ ಅವನ ಮುಖ ನೋಡಲಿಲ್ಲ. ಹುಲುಗೇಶ್ ಗೋಡೆಯ ಕಡೆಯಿಂದ ತಿರುಗಲಿಲ್ಲ. ಅಪ್ಪ ಏನು ಹೇಳುತ್ತಾನೆಂಬುದು ಇಬ್ಬರಿಗೂ ಗೊತ್ತೇ ಇದ್ದಂತಿತ್ತು. ಆ ಗೊತ್ತಿರುವಿಕೆಯೇ ಸುಂಕಪ್ಪನನ್ನು ಎಲ್ಲ ಒದೆತಗಳಿಗಿಂತ ಹೆಚ್ಚು ನೋಯಿಸಿತು.

“ಬರ್ಕಳ್ರಿ ಸಾಹೇಬ್ರ,” ಎಂದ. “ಮೊದಲ ಏಟು ನಂದು. ಕಂಪ್ಲಿ ಸುಂಕಪ್ಪ, ಹುಡುಗನ ತಂದಿ. ಹಲಿಗಿಲಿಂದ ಕಿವಿಗೆ ಎರಡು ಸಲ ಹೊಡದೆ. ಕಿವಿ ಹೋಗಿದ್ದು ನನ್ನಿಂದ.”

ಹವಾಲ್ದಾರ ಪೆನ್ನು ನಿಲ್ಲಿಸಿದ. “ನಿನ್ನ ಮ್ಯಾಲ ನೀನ ಬರ್ಸಾಕತ್ತಿ. ಎಚ್ಚರ ಐತಿಲ್ಲೋ?”

“ಐತ್ರಿ. ನನ್ನ ಹೆಸರು ಮುಚ್ಚಿಟ್ರ ಉಳದವರ ಹೆಸರೂ ಮುಚ್ಚಿ ಹೋಗ್ತಾವ. ಅದಕ್ಕ ನಂದು ಮೊದಲು ಬರೀರಿ.”

“ಸುಂಕಪ್ಪ...” ಎಂದರು ಬಾಗಿಲಿನಿಂದ ತೋಟಪ್ಪ.

“ಕೈ ಮುಗೀತೀನಿ ಸಾವ್ಕಾರ್ರ. ಮದುವಿ ಬ್ಯಾರೆಯವರಿಗೆ ಕೊಡ್ರಿ.”

ಹುಲುಗೇಶ್ ನಿಧಾನಕ್ಕೆ ಇತ್ತ ತಿರುಗಿದ. ಊದಿದ ಕಣ್ಣು ಪೂರ್ತಿ ತೆರೆಯುತ್ತಿರಲಿಲ್ಲ. ಸುಂಕಪ್ಪ ಮಂಚ ಸುತ್ತಿಕೊಂಡು ಮಗನ ಎಡಗಡೆಗೆ, ಕೇಳಿಸುವ ಕಿವಿಯ ಕಡೆಗೆ ಬಂದು ನಿಂತ.

“ಎರಡನೇ ಹೆಸರು ಸಿದ್ದಲಿಂಗೇಶ್,” ಎಂದು ಗಟ್ಟಿಯಾಗಿ ಹೇಳಿ, ಮೂರನೆಯದನ್ನು ಹೇಳಲು, ಹವಾಲ್ದಾರ ಬರೆದು ಮುಗಿಸಿ ಪೆನ್ನು ಮೇಲೆತ್ತುವುದನ್ನೇ ಕಾದ.