ಹೂಂ ಅನ್ನುವ ಪಾಠ

ಕಿಟಕಿಯ ಆಚೆ ನಿಂತಿದ್ದ ಕಾಂತರಾಜುವಿಗೆ ತಂಗಿ ಮಮತಳ ಮಾತು ಕೇಳಿ ಮೈಯೆಲ್ಲ ಉರಿದುಹೋಯಿತು.

"ಹೂಂ ಕಣಣ್ಣಯ್ಯ, ನಾನೇ ಅಮ್ಮಯಮ್ಮ. ಈಗ್ತಾನೆ ಬಂದೆ."

"ಕೆರೆ ಕೆಳಗಿನ ಹೊಲ ನಿಂಗೇ ಕಣಮ್ಮ," ಅಪ್ಪ ವೆಂಕಟರಾಮಪ್ಪ ಪಿಸುಗುಡುತ್ತಿದ್ದ. "ಯಾರ್ಗೂ ಹೇಳ್ಬೇಡ."

"ಹೂಂ ಅಣ್ಣಯ್ಯ. ಮೊದ್ಲು ಮುದ್ದೆ ನುಂಗು."

ಎಲಾ ಇವಳ! ಸೋದರತ್ತೆ ಅಮ್ಮಯಮ್ಮ ಸತ್ತು ಯಾವ ಕಾಲವಾಯಿತು! ಅಪ್ಪನಿಗೆ ಮರೆವಿನ ಕಾಯಿಲೆ ಬಂದದ್ದೇ ತಡ, ಮಮತ ಸತ್ತವಳ ವೇಷ ಹಾಕಿ ಕೂತಿದ್ದಾಳೆ. ಪಕ್ಕದ ಬೀದಿಯ ಗಂಡನ ಮನೆಯಿಂದ ದಿನಾ ಬಂದು ಅಪ್ಪನಿಗೆ ಉಣ್ಣಿಸಿ ಹೋಗುತ್ತಿದ್ದಳು. ಏರ್‌ಪೋರ್ಟಿಗೆ ಕಾರು ಓಡಿಸುವ ಕಾಂತರಾಜು ಇಲ್ಲಿಯವರೆಗೆ ಅದನ್ನು ಉಪಕಾರ ಎಂದುಕೊಂಡಿದ್ದ. ಕುಂದಾಣದ ಆ ಹೊಲದ ಮೇಲೆ ಕಣ್ಣು ಹಾಕದ ಬ್ರೋಕರೇ ದೇವನಹಳ್ಳಿಯಲ್ಲಿ ಇರಲಿಲ್ಲ. ಈಗ ಮನೆಯೊಳಗೇ ಒಬ್ಬಳು ಹುಟ್ಟಿಕೊಂಡಳು.

"ಏನೇ ಇದು ನಾಟ್ಕ?" ಒಳಗೆ ಬಂದವನೇ ಗದರಿದ.

"ನಾಟ್ಕ ಅಲ್ಲಣ್ಣ, ಡಾಕ್ಟ್ರಮ್ಮ ಹೇಳ್ಕೊಟ್ಟಿದ್ದು. ಇಲ್ಲ ಅಂದ್ರೆ ಅಪ್ಪ ಕೂಗಾಡ್ತಾನೆ, ಹೂಂ ಅಂದ್ರೆ ಉಣ್ತಾನೆ. ಇಂಥವ್ರನ್ನ ನೋಡ್ಕೊಳೋದು ಹೆಂಗೆ ಅಂತ ಭಾನುವಾರ ಪಾಠ ಮಾಡ್ತಾರೆ. ನೀನೂ ಬಾ."

"ಬರ್ತೀನಿ. ಆ ಡಾಕ್ಟ್ರಮ್ಮಂಗೆ ಎಷ್ಟು ಪಾಲು ಅಂತ ನೋಡ್ಬೇಕಲ್ಲ."

ಮಮತಳ ಕಣ್ಣಲ್ಲಿ ನೀರು ಬಂತು. ಅದನ್ನೂ ಅವನು ನಂಬಲಿಲ್ಲ.

ಭಾನುವಾರ ದೇವನಹಳ್ಳಿಯ ಛತ್ರದಲ್ಲಿ ಹಿಂದಿನ ಸಾಲಿನಲ್ಲಿ ಕೂತು, ಸಾಕ್ಷಿಗಿರಲಿ ಎಂದು ಎಲ್ಲವನ್ನೂ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡ. ಕೊನೆಗೆ ತಡೆಯಲಾರದೆ ಎದ್ದು ನಿಂತ.

"ಅಪ್ಪ ಸತ್ತೋಗಿರೋ ತನ್ನ ತಂಗಿಗೆ ಹೊಲ ಬರ್ಕೊಡ್ತೀನಿ ಅಂದ್ರೂ ಹೂಂ ಅನ್ಬೇಕಾ ಮೇಡಂ?"

"ಅನ್ನಿ. ಸಹಿ ಮಾತ್ರ ಹಾಕಿಸ್ಕೋಬೇಡಿ," ಡಾಕ್ಟರಮ್ಮ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಅವ್ರು ಹೆದ್ರಿಕೊಂಡಿದ್ರೆ ಮೊದ್ಲು ಹೆದ್ರಿಕೆ ಇಳ್ಸಿ. ಯಾವುದು ನಿಜ, ಯಾವುದು ಸುಳ್ಳು ಅಂತ ಅವ್ರ ಹತ್ರ ವಾದ ಮಾಡ್ಬೇಡಿ," ಎಂದರು.

ಈಕೆಯೂ ಸೇರಿಕೊಂಡಿದ್ದಾಳೆ, ಅನುಮಾನವೇ ಇಲ್ಲ! "ನಾಳೆಯಿಂದ ನೀನು ಬರೋದು ಬೇಡ. ನಮ್ಮಪ್ಪನ್ನ ನಾನೇ ನೋಡ್ಕೋತೀನಿ," ಎಂದು ಪಾಠಕ್ಕೆ ಬಂದಿದ್ದ ಮಮತಳಿಗೆ ಅಲ್ಲೇ ಹೇಳಿಬಿಟ್ಟ.

ಮಾರನೆಯ ದಿನ ಡ್ಯೂಟಿಗೆ ರಜೆ ಹಾಕಿ ತಾನೇ ತಟ್ಟೆ ಹಿಡಿದು ಹೋದ.

"ಯಾರು ನೀನು?"

"ಕಾಂತರಾಜು ಕಣಪ್ಪ. ನಿನ್ ಮಗ."

ಅಷ್ಟೇ. ವೆಂಕಟರಾಮಪ್ಪ ಗೋಡೆಗೆ ಒತ್ತಿಕೊಂಡು ಕೂತುಬಿಟ್ಟ. "ವಿಷ ಹಾಕವ್ನೆ, ವಿಷ ಹಾಕವ್ನೆ" ಎಂದು ಕೂಗಿಕೊಂಡನೇ ಹೊರತು ಒಂದು ತುತ್ತು ಬಾಯಿಗಿಡಲಿಲ್ಲ. ಕಾಂತರಾಜು ಗೋಗರೆದ, ಗದರಿದ, ತಾನೇ ತಿಂದು ತೋರಿಸಿದ. ಊಹೂಂ. ಮಧ್ಯಾಹ್ನವಾದರೂ ಮುದುಕನ ಹೊಟ್ಟೆಗೆ ತೊಟ್ಟು ನೀರು ಇಳಿದಿರಲಿಲ್ಲ.

ಬಿಸಿಲಲ್ಲಿ ಹಿತ್ತಿಲಿಗೆ ಹೋಗಿದ್ದವನು ತಲೆಗೆ ಸುತ್ತಿದ ಟವಲನ್ನೂ ತೆಗೆಯದೆ, ಬಿಸಿ ಮುದ್ದೆ ತೊಳಸಿ ಮತ್ತೆ ತಂದ. ಅಪ್ಪನ ಮುಖ ಅರಳಿತು.

"ಲಕ್ಷ್ಮಯ್ಯ! ಬಾರ್ಲಾ ಒಳಕ್ಕೆ, ಬೇಗ!"

ಲಕ್ಷ್ಮಯ್ಯ ಅಪ್ಪನ ಜೊತೆಗಾರ, ಹಿಂದೆ ಹೀಗೇ ತಲೆಗೆ ಟವಲು ಸುತ್ತಿಕೊಂಡು ಒಟ್ಟಿಗೆ ಗಾಡಿ ಹೊಡೆದವನು. ಅವನೂ ಈಗಿಲ್ಲ.

"ಬಾಗ್ಲಾಕು. ಕಾಂತರಾಜು ಬಂದ್ಬಿಡ್ತಾನೆ."

"ಬಂದ್ರೇನು?"

"ಹೊಲ ಕಿತ್ಕೊಳ್ಳಾಕೆ ಕಾಯ್ತಾವ್ನೆ. ಹೆತ್ತ ಮಗ ಕಣ್ಲಾ, ಕಂಡ್ರೆ ಭಯ ಆಯ್ತದೆ."

ಕಾಂತರಾಜು ತಟ್ಟೆ ಕೆಳಗಿಟ್ಟ. ನಾನೇ ಕಣಪ್ಪ ಅವನು, ನಾನು ಅಂಥವನಲ್ಲ ಎಂಬ ಮಾತು ಬಾಯಿಗೆ ಬಂದಿತ್ತು. ಅಪ್ಪ ಅವನ ಮೊಣಕೈ ಬಿಗಿಯಾಗಿ ಹಿಡಿದುಕೊಂಡು ಬಾಗಿಲ ಕಡೆಗೇ ನೋಡುತ್ತಿದ್ದ.

"ಹೂಂ ಕಣ್ಲಾ, ವೆಂಕಟರಾಮ," ಅಂದ. ಅಪ್ಪನನ್ನು ಹೆಸರು ಹಿಡಿದು ಕರೆದದ್ದು ಹುಟ್ಟಿದ ಮೇಲೆ ಇದೇ ಮೊದಲು, ನಾಲಿಗೆ ತೊಡರಿತು. "ಅವ್ನು ನಂಬೋ ಆಸಾಮಿ ಅಲ್ಲ. ಒಳಕ್ಕೆ ಬಿಡಲ್ಲ ತಗೋ ನಾನು."

ಹೋಗಿ ಚಿಲಕ ಹಾಕಿ ಬಂದ. ವೆಂಕಟರಾಮಪ್ಪ ನಿಟ್ಟುಸಿರು ಬಿಟ್ಟು, ಮಂಚದಲ್ಲಿ ಸರಿದು ಜಾಗ ಮಾಡಿಕೊಟ್ಟ.

"ಉಂಡ್ಯಾ ಲಕ್ಷ್ಮಯ್ಯ?" ಎಂದು ಕೇಳಿ, ಮುದ್ದೆಯಲ್ಲಿ ಅರ್ಧ ಮುರಿದು ಅವನತ್ತ ಚಾಚಿದ.